ಬಾಯಿಚಪಲವೆಂದು ಹೆಸರು ಪಡೆದ ರೋಗಲಕ್ಷಣ: ಬೈಪಾಸ್ ಶಸ್ತ್ರಚಿಕಿತ್ಸೆಯಾಗಿ ಮೂರೂವರೆ ವರ್ಷಗಳ ನಂತರದ ಒಂದು ಪ್ರಕರಣ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮೂರೂವರೆ ವರ್ಷ ಕಳೆದಿದ್ದ, ಹದಿನೆಂಟು ತಿಂಗಳಿಂದ ಒಂದು ತಪಾಸಣೆಗೂ ಬಾರದಿದ್ದ 44 ವರ್ಷದ ಮಹಿಳೆಯೊಬ್ಬರು ಒಂದು ಬೆಳಿಗ್ಗೆ ನನ್ನೆದುರಿನ ಕುರ್ಚಿಯಲ್ಲಿ ಬಂದು ಕುಳಿತರು. ಅವರ ಮೊದಲ ಮಾತು ಕ್ಷಮಾಪಣೆಯಾಗಿತ್ತು. "ನಿಮ್ಮೆಲ್ಲರ ಶ್ರಮ ಹಾಳು ಮಾಡಿದೆ. ಬಾಯಿ ಕಟ್ಟಲು ನನ್ನಿಂದ ಆಗಲಿಲ್ಲ" ಎಂದರು. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಅದರ ಬಾಯಿಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದಿದ್ದರು. ಅದರೊಳಗೆ ಸಿಹಿ ಪೆಪ್ಪರ್‌ಮಿಂಟುಗಳೂ ಚಾಕೊಲೇಟ್ ತುಂಡುಗಳೂ ಇದ್ದವೆಂಬುದು, ಅವನ್ನು ನಾನು ಕಂಡುಬಿಟ್ಟೇನೆಂಬ ಭಯ ಅವರಿಗಿತ್ತೆಂಬುದು ನನಗೆ ತಿಳಿದದ್ದು ಆಮೇಲೆ.

ಬೊಜ್ಜಿನ ಚಿಕಿತ್ಸೆ ನೀಡುವ ತಂಡವೊಂದರಲ್ಲಿ ನಾನು ಆಹಾರ ತಜ್ಞೆ. ಈ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಇದರಲ್ಲಿ ವೈದ್ಯಕೀಯವಾಗಿ ತೀರಾ ಅಪರೂಪದ್ದೇನೂ ಇಲ್ಲ. ಚಿಕಿತ್ಸೆ ಸಾಧ್ಯವಿದ್ದ ಒಂದು ತೊಂದರೆಗೆ ರೋಗಿಯೂ ಮನೆಯವರೂ ಸ್ವಲ್ಪಮಟ್ಟಿಗೆ ನಾವೂ ಸೇರಿ ಬಾಯಿಚಪಲ ಎಂದು ಹೆಸರಿಟ್ಟುಬಿಟ್ಟಿದ್ದೆವು. ಆ ಒಂದು ಹೆಸರಿನಿಂದಾಗಿ ಸರಿಯಾದ ರೋಗನಿರ್ಣಯ ಒಂದೂವರೆ ವರ್ಷ ತಡವಾಯಿತು. ಬರೆಯುವುದಕ್ಕೆ ಅದೇ ಕಾರಣ.

ಶಸ್ತ್ರಚಿಕಿತ್ಸೆಗೆ ಮುನ್ನ

ಮೊದಲ ಭೇಟಿಯಲ್ಲಿ ಅವರ ಎತ್ತರ 160 ಸೆಂಟಿಮೀಟರ್, ತೂಕ 118 ಕೆಜಿ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕವಾದ ಬಿಎಂಐ 46. ರಕ್ತದೊತ್ತಡಕ್ಕೆ ಎರಡು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ರಾತ್ರಿಯಿಡೀ ಮುಖಕ್ಕೆ ಸಿಪ್ಯಾಪ್ ಯಂತ್ರದ ಮುಖವಾಡ ಕಟ್ಟಿಕೊಂಡು ಮಲಗುತ್ತಿದ್ದರು. ಎರಡೂ ಮೊಣಕಾಲು ಸವೆದಿದ್ದವು, ಎದೆಯುರಿ ತೀವ್ರವಾಗಿತ್ತು. ಸಕ್ಕರೆ ಕಾಯಿಲೆ ಇರಲಿಲ್ಲ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ. 5.9 ಇತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 1991ರಲ್ಲಿ ಹಾಕಿಕೊಟ್ಟ ಮಾನದಂಡದ ಪ್ರಕಾರ ಬಿಎಂಐ 40ನ್ನು ಮುಟ್ಟಿದವರು, ಇಲ್ಲವೇ 35ರ ಜೊತೆಗೆ ಬೊಜ್ಜಿಗೆ ಸಂಬಂಧಿಸಿದ ಗಂಭೀರ ಕಾಯಿಲೆ ಇರುವವರು ಈ ಶಸ್ತ್ರಚಿಕಿತ್ಸೆಗೆ ಅರ್ಹರು. 2022ರಲ್ಲಿ ಎರಡು ಪ್ರಮುಖ ತಜ್ಞ ಸಂಘಟನೆಗಳು ಈ ಮಿತಿಯನ್ನು ಇನ್ನಷ್ಟು ತಗ್ಗಿಸಿದವು. ಯಾವ ಅಳತೆಗೋಲಿನಲ್ಲಿ ನೋಡಿದರೂ ಇವರ ಅರ್ಹತೆ ಪ್ರಶ್ನಾತೀತವಾಗಿತ್ತು.

ಅರ್ಹತೆಗಿಂತ ಹೆಚ್ಚಾಗಿ ನನ್ನ ಗಮನ ಸೆಳೆದದ್ದು ಅವರು ಅದುವರೆಗೆ ಪಟ್ಟಿದ್ದ ಪಾಡು. ಹದಿನಾಲ್ಕನೆಯ ವಯಸ್ಸಿನಿಂದ ಐದು ಬಾರಿ ಗಂಭೀರವಾಗಿ ತೂಕ ಇಳಿಸಿದ್ದರು. ಅದರಲ್ಲೊಮ್ಮೆ ಹದಿನಾಲ್ಕು ತಿಂಗಳಲ್ಲಿ 19 ಕೆಜಿ ಕಳೆದುಕೊಂಡು, ಮುಂದಿನ ಎರಡು ವರ್ಷಗಳಲ್ಲಿ 23 ಕೆಜಿ ಮರಳಿ ಪಡೆದಿದ್ದರು. ಇದನ್ನು ಹಟವಿಲ್ಲದವರ ಕಥೆ ಎಂದು ಓದುವುದು ಸುಲಭ. ಆದರೆ ರುಡಾಲ್ಫ್ ಲೀಬೆಲ್ ಮತ್ತು ಸಂಗಡಿಗರು 1995ರಲ್ಲೇ ತೋರಿಸಿದಂತೆ, ಶೇ. 10ರಷ್ಟು ತೂಕ ಇಳಿದ ದೇಹವು ತನ್ನ ಹೊಸ ಗಾತ್ರಕ್ಕೆ ತಕ್ಕಷ್ಟು ಎಂದು ಲೆಕ್ಕ ಹಾಕುವುದಕ್ಕಿಂತಲೂ ಕಡಿಮೆ ಶಕ್ತಿಯನ್ನು ಖರ್ಚು ಮಾಡುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ, ಪಥ್ಯದಿಂದ ತೂಕ ಇಳಿಸಿಕೊಂಡವರಲ್ಲಿ ಹಸಿವು ಹೆಚ್ಚಿಸುವ ಗ್ರೆಲಿನ್ ಹಾರ್ಮೋನು ಒಂದು ವರ್ಷ ಕಳೆದ ಮೇಲೂ ಮೊದಲಿಗಿಂತ ಮೇಲ್ಮಟ್ಟದಲ್ಲಿಯೂ, ಹೊಟ್ಟೆ ತುಂಬಿತೆಂದು ಹೇಳುವ ಹಾರ್ಮೋನುಗಳಲ್ಲಿ ಹಲವು ಕೆಳಮಟ್ಟದಲ್ಲಿಯೂ ಇದ್ದವು. ತೂಕ ಇಳಿಸಿದವರು ಅದನ್ನು ಉಳಿಸಿಕೊಳ್ಳಬೇಕಾದರೆ ಇತರರಿಗಿಂತ ಹೆಚ್ಚು ಹಸಿದುಕೊಂಡು, ಇತರರಿಗಿಂತ ಕಡಿಮೆ ತಿನ್ನುತ್ತಾ, ಅದನ್ನೇ ಜೀವಮಾನವಿಡೀ ಮಾಡುತ್ತಿರಬೇಕು. ಈ ಮಹಿಳೆ ಅದನ್ನು ಐದು ಸಲ ಮಾಡಿದ್ದರು. ನಮ್ಮಲ್ಲಿ ಎಷ್ಟು ಮಂದಿ ಯಾವುದೇ ಕಷ್ಟದ ಕೆಲಸವನ್ನು ಐದು ಸಲ ಮೊದಲಿನಿಂದ ಶುರುಮಾಡಿದ್ದೇವೆ?

ಎದೆಯುರಿ ಇದ್ದುದರಿಂದ, ಜಠರವನ್ನು ಉದ್ದಕ್ಕೂ ಕತ್ತರಿಸಿ ಕೊಳವೆಯಂತೆ ಉಳಿಸುವ ಸ್ಲೀವ್ ವಿಧಾನವನ್ನು ಬಿಟ್ಟು, ಶಸ್ತ್ರಚಿಕಿತ್ಸಕರು ಚಿಕ್ಕ ರಂಧ್ರಗಳ ಮೂಲಕ ಮಾಡುವ (ಲ್ಯಾಪರೊಸ್ಕೋಪಿಕ್) ಗ್ಯಾಸ್ಟ್ರಿಕ್ ಬೈಪಾಸ್ ಆರಿಸಿಕೊಂಡರು. ಇದರಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಚಿಕ್ಕ ಚೀಲವೊಂದನ್ನು ಬೇರ್ಪಡಿಸಿ, ಸಣ್ಣಕರುಳಿನ ಕೆಳಗಿನ ಭಾಗವನ್ನು ನೇರವಾಗಿ ಅದಕ್ಕೆ ಜೋಡಿಸುತ್ತಾರೆ. ಉಳಿದ ಜಠರವನ್ನಾಗಲಿ ಕರುಳಿನ ಮೊದಲ ಭಾಗವನ್ನಾಗಲಿ ಆಹಾರ ಇನ್ನು ಮುಂದೆ ಮುಟ್ಟುವುದಿಲ್ಲ. ಜಠರಕ್ಕೆ ಕಾವಲಿನಂತಿದ್ದ, ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕೆಳಕ್ಕೆ ಬಿಡುತ್ತಿದ್ದ ಪೈಲೋರಸ್ ಕವಾಟವೂ ದಾರಿಯಿಂದ ಹೊರಗುಳಿಯುತ್ತದೆ. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಸುತ್ತಲೇ ಇದೆ.

ಮೊದಲ ಎರಡು ವರ್ಷ

ಮೊದಲ ವರ್ಷ ಎಲ್ಲವೂ ಪುಸ್ತಕದಲ್ಲಿ ಬರೆದ ಹಾಗೆ ನಡೆಯಿತು. ದ್ರವಾಹಾರ, ಅರೆದ ಆಹಾರ, ಮೆತ್ತಗಿನ ಆಹಾರ ಎಂಬ ಹಂತಗಳನ್ನು ತೊಂದರೆಯಿಲ್ಲದೆ ದಾಟಿದರು. ಮೂರನೆಯ ತಿಂಗಳಿಗೆ ರಕ್ತದೊತ್ತಡದ ಒಂದು ಮಾತ್ರೆ ನಿಂತಿತು, ಒಂಬತ್ತನೆಯ ತಿಂಗಳಿಗೆ ಎರಡನೆಯದೂ ನಿಂತಿತು. ನಾಲ್ಕನೆಯ ತಿಂಗಳಲ್ಲಿ ಬಾಚಣಿಗೆಯ ತುಂಬ ಕೂದಲು ಬರತೊಡಗಿದಾಗ ಗಾಬರಿಯಾದರು. ವೇಗವಾಗಿ ತೂಕ ಇಳಿಯುವಾಗ ಇದು ಸಾಮಾನ್ಯ, ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ ಎಂದಿದ್ದೆವು, ಹಾಗೆಯೇ ನಿಂತಿತು. ಹದಿನೆಂಟನೆಯ ತಿಂಗಳಿಗೆ ತೂಕ 78 ಕೆಜಿಗೆ ಇಳಿಯಿತು. ಸಿಪ್ಯಾಪ್ ಯಂತ್ರ ಕಪಾಟು ಸೇರಿತು.

ದೇಹ ಬದಲಾದಷ್ಟು ಬೇಗ ದೇಹದ ಬಗೆಗಿನ ತಿಳಿವಳಿಕೆ ಬದಲಾಗಲಿಲ್ಲ. ನಲವತ್ತು ಕೆಜಿ ಕಳೆದುಕೊಂಡ ಮೇಲೂ ಅವರು ನಮ್ಮ ಕೋಣೆಯ ಬಾಗಿಲಲ್ಲಿ ಅಡ್ಡ ತಿರುಗಿಯೇ ಒಳಗೆ ಬರುತ್ತಿದ್ದರು. ಕುಳಿತುಕೊಳ್ಳುವ ಮುನ್ನ ಕುರ್ಚಿಯ ಬೆನ್ನನ್ನು ಒಮ್ಮೆ ಒತ್ತಿ ನೋಡುತ್ತಿದ್ದರು. ಮುರಿದುಬಿದ್ದ ಕುರ್ಚಿಯೊಂದರ ನೆನಪು ಅವರ ಅಂಗೈಯಲ್ಲಿ ಹಾಗೆಯೇ ಉಳಿದಿತ್ತು. ಕನ್ನಡಿಯಲ್ಲಿ ಕಾಣುವ ಹೆಂಗಸು ಯಾರೋ ನೆಂಟರ ಪೈಕಿಯವಳ ಹಾಗೆ ತೋರುತ್ತಾಳೆ ಎಂದು ಒಮ್ಮೆ ಹೇಳಿದ್ದರು. ಶಸ್ತ್ರಚಿಕಿತ್ಸೆಯ ವಿಷಯವನ್ನು ಮನೆಯ ನಾಲ್ವರ ಹೊರತು ಯಾರಿಗೂ ಹೇಳಿರಲಿಲ್ಲ. ಸಹೋದ್ಯೋಗಿಗಳು ಗುಟ್ಟೇನೆಂದು ಕೇಳಿದರೆ ನಡಿಗೆ ಎನ್ನುತ್ತಿದ್ದರು. ಆಪರೇಷನ್ ಮಾಡಿಸಿಕೊಂಡು ತೆಳ್ಳಗಾದವರನ್ನು ಅಡ್ಡದಾರಿ ಹಿಡಿದವರು ಎನ್ನುವುದನ್ನು ಅವರು ಆ ಕಚೇರಿಯಲ್ಲೇ ಕೇಳಿದ್ದರು.

ಇನ್ನು ಇಪ್ಪತ್ತನಾಲ್ಕನೆಯ ತಿಂಗಳ ಭೇಟಿಯ ವಿಚಾರ. ತೂಕ 81 ಕೆಜಿ ಆಗಿತ್ತು, ಅಂದರೆ ಕನಿಷ್ಠ ಮಟ್ಟಕ್ಕಿಂತ ಮೂರು ಕೆಜಿ ಹೆಚ್ಚು. ಎರಡನೆಯ ವರ್ಷದ ಹೊತ್ತಿಗೆ ಹಸಿವು ಒಂದಿಷ್ಟು ಮರಳುವುದೂ ತೂಕ ಕೊಂಚ ಏರುವುದೂ ನಿರೀಕ್ಷಿತವೇ. ಅದುವರೆಗಿನ ಪ್ರತಿ ಭೇಟಿಯೂ ತಕ್ಕಡಿಯ ಮೇಲೆ ಆರಂಭವಾಗಿ, ಸಂಖ್ಯೆ ನೋಡಿದ ನಮ್ಮೆಲ್ಲರ ಮೆಚ್ಚುಗೆಯಲ್ಲಿ ಮುಗಿಯುತ್ತಿತ್ತು. ಆ ದಿನ ಸಂಖ್ಯೆ ನೋಡಿ, "ಹುಷಾರು, ಹಳೆಯ ದಾರಿಗೆ ಮರಳಬೇಡಿ" ಎಂಬ ಮಾತು ಬಂತು. ಆಡಿದವಳು ನಾನೇ. ಅದನ್ನು ಗದರಿಸಿ ಹೇಳಿರಲಿಲ್ಲ, ಕಾಳಜಿಯಿಂದಲೇ ಹೇಳಿದ್ದೆ. ಮುಂದಿನ ಭೇಟಿಗೆ ಅವರು ಬರಲಿಲ್ಲ. ಎರಡು ಬಾರಿ ಫೋನ್ ಮಾಡಿದೆವು, ಊರಲ್ಲಿಲ್ಲ ಎಂದರು; ಅಲ್ಲಿಗೆ ನಾವೂ ಬಿಟ್ಟೆವು. ಆ ಭೇಟಿಗೆ ಕೆಲವು ವಾರಗಳ ಹಿಂದೆಯೇ ಅವರಲ್ಲಿ ಹೊಸದೊಂದು ತೊಂದರೆ ಶುರುವಾಗಿತ್ತು. ಅದನ್ನು ಹೇಳಬೇಕೆಂದೇ ಬಂದಿದ್ದರಂತೆ, ತಕ್ಕಡಿ ಇಳಿದ ಮೇಲೆ ಹೇಳುವ ಧೈರ್ಯ ಬರಲಿಲ್ಲವಂತೆ.

ದಿನಚರಿಯ ಎಡಗಡೆಯ ಕಾಲಂ

ಮರಳಿ ಬಂದ ದಿನ ತೂಕ 87 ಕೆಜಿ ಇತ್ತು. ಆದರೆ ನಾವು ಅದನ್ನು ನೋಡಿದ್ದು ಮಾತುಕತೆಯೆಲ್ಲ ಮುಗಿದ ಮೇಲೆ. ಅವರ ಪ್ರಕಾರ ಸಮಸ್ಯೆ ಸರಳವಾಗಿತ್ತು: ದಿನಕ್ಕೆ ಎರಡು ಮೂರು ಸಲ, ಕೆಲವು ದಿನ ನಾಲ್ಕು ಸಲ, ಸಿಹಿ ತಿನ್ನದೆ ಇರಲಾಗುತ್ತಿರಲಿಲ್ಲ. ಕಚೇರಿಯ ಮೇಜಿನ ಖಾನೆಯಲ್ಲಿ, ಕಾರಿನಲ್ಲಿ, ಹಾಸಿಗೆಯ ಪಕ್ಕದಲ್ಲಿ, ಎಲ್ಲೆಲ್ಲೂ ಬಚ್ಚಿಟ್ಟಿದ್ದರು. ಖಾಲಿ ಹೊದಿಕೆಗಳನ್ನು ಕಂಡ ಪತಿ, "ಇಷ್ಟೆಲ್ಲ ಮಾಡಿಸಿಕೊಂಡೂ ನಿನ್ನ ಬಾಯಿಚಪಲ ಹೋಗಲಿಲ್ಲವಲ್ಲ" ಎಂದಿದ್ದರು. ಹದಿಹರೆಯದ ಮಗಳು ಏನೂ ಅನ್ನದೆ ಆ ಹೊದಿಕೆಗಳನ್ನು ಎತ್ತಿ ಕಸದಬುಟ್ಟಿಗೆ ಹಾಕುತ್ತಿದ್ದಳು. ಮಗಳ ಮೌನವೇ ಹೆಚ್ಚು ಚುಚ್ಚುತ್ತಿತ್ತಂತೆ.

ಶಸ್ತ್ರಚಿಕಿತ್ಸೆಯ ನಂತರ ಮರಳಿ ತೂಕ ಏರಿಸಿಕೊಂಡವರು ಬಂದಾಗ ನಮ್ಮ ವೃತ್ತಿಯಲ್ಲಿ ಸಿದ್ಧವಾಗಿಟ್ಟುಕೊಂಡ ಪ್ರಶ್ನೆಗಳಿವೆ: ಎಷ್ಟು ತಿನ್ನುತ್ತೀರಿ, ಏನು ತಿನ್ನುತ್ತೀರಿ, ಬೇಸರವಾದಾಗ ತಿನ್ನುತ್ತೀರಾ. ಅವನ್ನೇ ಕೇಳಿದ್ದರೆ ಬಹುಶಃ ನಾನೂ ಬಾಯಿಚಪಲವೆಂಬ ತೀರ್ಮಾನಕ್ಕೇ ಬರುತ್ತಿದ್ದೆ. ಅದೃಷ್ಟವಶಾತ್ ಅವರು, ತಮ್ಮ ತಪ್ಪಿಗೆ ಸಾಕ್ಷಿ ಎಂಬಂತೆ, ಮೂರು ವಾರ ಬರೆದ ಆಹಾರದ ದಿನಚರಿಯೊಂದನ್ನು ತಂದಿದ್ದರು. ಎಡಗಡೆಯ ಕಾಲಮ್ಮಿನಲ್ಲಿ ಸಮಯ, ಬಲಗಡೆಯಲ್ಲಿ ತಿಂದದ್ದು. ಸಿಹಿ ತಿಂದ ಸಾಲುಗಳ ಕೆಳಗೆಲ್ಲ ಕೆಂಪು ಗೆರೆ. ಗೆರೆ ಎಳೆದ ಕೈ ಎಷ್ಟು ಒತ್ತಿತ್ತೆಂದರೆ ಹಿಂದಿನ ಪುಟದಲ್ಲೂ ಅಚ್ಚು ಮೂಡಿತ್ತು. ನಾನು ಬಲಗಡೆಯ ಕಾಲಂ ಬಿಟ್ಟು ಎಡಗಡೆಯದನ್ನಷ್ಟೇ ಮೇಲಿಂದ ಕೆಳಕ್ಕೆ ಓದಿದೆ. ಬೆಳಗಿನ ಉಪಾಹಾರ 8.50, ಕೆಂಪು ಗೆರೆ 11.00. ಮಧ್ಯಾಹ್ನದ ಊಟ 1.30, ಕೆಂಪು ಗೆರೆ 3.40. ಉಪಾಹಾರ 9.10, ಕೆಂಪು ಗೆರೆ 11.10. ಪುಟದಿಂದ ಪುಟಕ್ಕೆ, ಊಟವಾಗಿ ಎರಡು ಗಂಟೆಯ ಆಚೀಚೆ. ಉಪಾಹಾರ ತಪ್ಪಿಸಿದ್ದ ಎರಡು ದಿನಗಳ ಬೆಳಗಿನಲ್ಲಿ ಕೆಂಪು ಗೆರೆಯೇ ಇರಲಿಲ್ಲ.

ಚಪಲಕ್ಕೆ ಗಡಿಯಾರವಿರುವುದಿಲ್ಲ. "ಆ ಹೊತ್ತಿಗೆ ಸಿಹಿ ತಿನ್ನದೆ ತಡೆದುಕೊಂಡರೆ ಏನಾಗುತ್ತದೆ?" ಎಂದು ಕೇಳಿದೆ. ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ತುಸು ಹೊತ್ತು ಸುಮ್ಮನಿದ್ದು ಹೇಳಿದರು: ಮೊದಲು ಕೈ ನಡುಗುತ್ತದೆ, ಬೆನ್ನಲ್ಲಿ ತಣ್ಣನೆಯ ಬೆವರು ಇಳಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಆಮೇಲೆ ತಲೆಯೊಳಗೆ ಮಂಜು ಕವಿದ ಹಾಗೆ. ಎರಡು ತಿಂಗಳ ಹಿಂದೆ ಕಾರು ಓಡಿಸುತ್ತಿದ್ದಾಗ, ದಿನವೂ ತಿರುಗುವ ತಿರುವು ಯಾವುದೆಂದೇ ತಿಳಿಯದಂತಾಗಿ, ಹೇಗೋ ರಸ್ತೆಯಂಚಿಗೆ ನಿಲ್ಲಿಸಿ, ಸಿಹಿ ಬಾಯಿಗೆ ಹಾಕಿಕೊಂಡು ಹತ್ತು ನಿಮಿಷ ಕುಳಿತಿದ್ದರು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಸಿಹಿಯ ವಿಷಯವನ್ನೂ ಹೇಳಬೇಕಾಗುತ್ತಿತ್ತು.

ಪರೀಕ್ಷೆಗಳು ಹೇಳಿದ್ದು

ಅದೇ ದಿನ ತಂಡದ ವೈದ್ಯರ ಬಳಿ ಕಳುಹಿಸಿದೆ. ಗ್ಲೂಕೋಸ್ ಕುಡಿಸಿ ಮಾಡುವ ಸಾಮಾನ್ಯ ಸಕ್ಕರೆ ಪರೀಕ್ಷೆ ಬೈಪಾಸ್ ಆದವರಿಗೆ ಸೂಕ್ತವಲ್ಲ; ಅದು ಡಂಪಿಂಗ್ ಎಂಬ ತೀವ್ರ ಅಸ್ವಸ್ಥತೆಯನ್ನು ತಂದೊಡ್ಡಬಹುದು, ಫಲಿತಾಂಶವೂ ನಂಬಲರ್ಹವಲ್ಲ. ಹೀಗಾಗಿ ಪ್ರೋಟೀನ್, ಕೊಬ್ಬು, ಪಿಷ್ಟ ಮೂರೂ ಇರುವ ಮಿಶ್ರ ಆಹಾರ ಕೊಟ್ಟು, ವೈದ್ಯರ ಕಣ್ಗಾವಲಿನಲ್ಲಿ ರಕ್ತ ಪರೀಕ್ಷಿಸಲಾಯಿತು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 88 ಮಿಲಿಗ್ರಾಂ ಇತ್ತು. ಅರ್ಧ ಗಂಟೆಗೆ 196ಕ್ಕೆ ಜಿಗಿಯಿತು. ಎರಡು ಗಂಟೆಗೆ 46ಕ್ಕೆ ಕುಸಿಯಿತು, ಹಣೆಯ ಮೇಲೆ ಬೆವರು ಮೂಡಿತು, ಅವರು "ಇದೇ, ಇದೇ" ಎಂದರು. ಸಕ್ಕರೆ ಕೊಟ್ಟ ಮೇಲೆ ಚೇತರಿಸಿಕೊಂಡರು. ಲಕ್ಷಣಗಳು, ಅದೇ ಕ್ಷಣದಲ್ಲಿ ದಾಖಲಾದ ಕಡಿಮೆ ಸಕ್ಕರೆ, ಸಕ್ಕರೆ ಏರಿದೊಡನೆ ಪರಿಹಾರ: ವಿಪ್ಪಲ್ ತ್ರಯ ಎಂದು ವೈದ್ಯರು ಕರೆಯುವ ಮೂರೂ ಅಲ್ಲಿದ್ದವು. ಮೇದೋಜ್ಜೀರಕದ ಇನ್ಸುಲಿನ್ ಗೆಡ್ಡೆಯಲ್ಲಿ ಸಾಮಾನ್ಯವಾಗಿ ಉಪವಾಸದಲ್ಲಿ ಸಕ್ಕರೆ ಕುಸಿಯುತ್ತದೆ. ಇವರಲ್ಲಿ ಉಂಡ ಮೇಲಷ್ಟೇ ಕುಸಿಯುತ್ತಿತ್ತು. ಉಳಿದ ಕಾರಣಗಳನ್ನೂ ಪರಿಶೀಲಿಸಿ ಬದಿಗಿಟ್ಟ ಮೇಲೆ ಬೈಪಾಸ್ ನಂತರದ ಹೈಪೊಗ್ಲೈಸೀಮಿಯ, ಅಂದರೆ ರಕ್ತದ ಸಕ್ಕರೆ ಅತಿಯಾಗಿ ಇಳಿಯುವ ತೊಂದರೆ, ಎಂದು ನಿರ್ಣಯವಾಯಿತು.

ಇದು ನಡೆಯುವ ಬಗೆ ಹೀಗೆ. ಪೈಲೋರಸ್ ಕವಾಟದ ತಡೆಯಿಲ್ಲದ್ದರಿಂದ ಆಹಾರ ಚೀಲದಿಂದ ಕರುಳಿಗೆ ಒಮ್ಮೆಲೇ ಸುರಿಯುತ್ತದೆ. ಸಕ್ಕರೆ ರಕ್ತಕ್ಕೆ ನುಗ್ಗುತ್ತದೆ. ಜೊತೆಗೆ ಕರುಳಿನ ಕೆಳಭಾಗ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಶಸ್ತ್ರಚಿಕಿತ್ಸೆಗೆ ಮುಂಚಿಗಿಂತ ಹಲವು ಪಟ್ಟು ಹೆಚ್ಚಾಗಿ ಬಿಡುಗಡೆ ಮಾಡುತ್ತದೆ, ಅದು ಮೇದೋಜ್ಜೀರಕದಿಂದ ಇನ್ಸುಲಿನ್ ಹೊರಡಿಸುತ್ತದೆ. ಏರಿದ ಸಕ್ಕರೆಗೆ ಬೇಕಾದುದಕ್ಕಿಂತ ಹೆಚ್ಚು ಇನ್ಸುಲಿನ್ ಬಂದಾಗ ಒಂದರಿಂದ ಮೂರು ಗಂಟೆಯೊಳಗೆ ಸಕ್ಕರೆ ತಳ ಸೇರುತ್ತದೆ. ಸಿಹಿ ತಿಂದರೆ ಹತ್ತು ನಿಮಿಷದಲ್ಲಿ ಆರಾಮವೆನಿಸುತ್ತದೆ, ಆದರೆ ಆ ಸಿಹಿಯೇ ಮುಂದಿನ ಜಿಗಿತಕ್ಕೂ ಮುಂದಿನ ಕುಸಿತಕ್ಕೂ ಬೀಜವಾಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಅವರು ಮಾಡುತ್ತಿದ್ದದ್ದು ತಮಗೆ ಗೊತ್ತಿದ್ದ ಒಂದೇ ಔಷಧವನ್ನು ತೆಗೆದುಕೊಳ್ಳುವ ಕೆಲಸ. ಏರಿದ ತೂಕದ ಬಹುಪಾಲು ಆ ಔಷಧದ ಲೆಕ್ಕದ್ದು ಎಂದು ನಾನು ನಂಬುತ್ತೇನೆ. ಈ ತೊಂದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷ ಕಳೆದ ಮೇಲೆಯೇ ಕಾಣಿಸಿಕೊಳ್ಳುತ್ತದೆ. ಅಂದರೆ, ಎಲ್ಲ ಸರಿಹೋಯಿತು ಎಂದುಕೊಂಡು ರೋಗಿಯೂ ಆಸ್ಪತ್ರೆಯೂ ಸಡಿಲಾಗುವ ಹೊತ್ತಿಗೆ ಸರಿಯಾಗಿ.

ಉಳಿದ ರಕ್ತಪರೀಕ್ಷೆಗಳು ಇನ್ನೊಂದು ಕಥೆ ಹೇಳಿದವು. ಹಿಮೋಗ್ಲೋಬಿನ್ 9.2, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 6, ವಿಟಮಿನ್ ಬಿ12 168, ವಿಟಮಿನ್ ಡಿ 14; ಎಲ್ಲವೂ ಇರಬೇಕಾದುದಕ್ಕಿಂತ ಕಡಿಮೆ. ಕ್ಯಾಲ್ಸಿಯಂ, ವಿಟಮಿನ್ ಡಿ ಸಾಲದಾದಾಗ ಹೆಚ್ಚುವ ಪ್ಯಾರಾಥೈರಾಯ್ಡ್ ಹಾರ್ಮೋನು ಏರಿತ್ತು. ಪಾದಗಳು ಜೋಮು ಹಿಡಿದಂತಾಗುತ್ತವೆ, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗುವುದಿಲ್ಲ ಎಂಬುದು ಕೇಳಿದ ಮೇಲೆ ಹೊರಬಂತು. ಕಬ್ಬಿಣ ಹೆಚ್ಚಾಗಿ ಹೀರಲ್ಪಡುವುದು ಕರುಳಿನ ಮೊದಲ ಭಾಗದಲ್ಲಿ, ಅದನ್ನೇ ಬೈಪಾಸ್ ದಾಟಿಹೋಗುತ್ತದೆ. ಮುಟ್ಟಿನ ರಕ್ತಸ್ರಾವವೂ ಹೆಚ್ಚಿತ್ತು. ಬಿ12 ಆಹಾರದಿಂದ ಬಿಡುಗಡೆಯಾಗಲು ಜಠರದ ಆಮ್ಲ ಬೇಕು, ಹೀರಲ್ಪಡಲು ಜಠರದ ಒಳಪದರ ಸ್ರವಿಸುವ ಒಂದು ಪ್ರೋಟೀನ್ ಬೇಕು, ಎರಡೂ ಈಗ ಆಹಾರಕ್ಕೆ ಸರಿಯಾಗಿ ಎಟುಕುವುದಿಲ್ಲ. ಯಕೃತ್ತಿನ ದಾಸ್ತಾನು ವರ್ಷಗಟ್ಟಲೆ ಬರುವುದರಿಂದ ಕೊರತೆ ತಡವಾಗಿ ತಲೆದೋರುತ್ತದೆ, ತಡವಾಗಿ ಗುರುತಿಸಿದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೇ ಇರಬಹುದು.

ಶಸ್ತ್ರಚಿಕಿತ್ಸೆಯ ನಂತರ ಬರೆದುಕೊಟ್ಟಿದ್ದ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಮಾತ್ರೆಗಳನ್ನು ಬಿಟ್ಟದ್ದೇಕೆ ಎಂದು ಕೇಳಿದರೆ ಒಂದೇ ಕಾರಣ ಸಿಗಲಿಲ್ಲ. ಕಬ್ಬಿಣದ ಮಾತ್ರೆ ಮಲಬದ್ಧತೆ ತಂದಿತ್ತು. ಅದಕ್ಕೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರವಿರಬೇಕೆಂಬ ನಿಯಮವನ್ನು ಕೆಲಸದ ನಡುವೆ ಪಾಲಿಸಲಾಗಿರಲಿಲ್ಲ. ಮಾತ್ರೆಗಳು ಮೊದಲ ಒಂದೆರಡು ವರ್ಷಕ್ಕಷ್ಟೇ ಎಂದೂ ತಿಳಿದಿದ್ದರು. ಕೊನೆಯಲ್ಲಿ ಅವರೇ ಹೇಳಿದ್ದು: "ತೂಕ ಏರುತ್ತಿರುವಾಗ ಆ ಡಬ್ಬಿ ತೆರೆಯಲು ನಾಚಿಕೆಯಾಗುತ್ತಿತ್ತು. ಆಪರೇಷನ್ ಫಲಿಸಿದವರು ನುಂಗುವ ಮಾತ್ರೆ ಅದು, ನನ್ನಂಥವರಿಗಲ್ಲ ಅನ್ನಿಸುತ್ತಿತ್ತು." ಇದನ್ನು ನಾನು ಹಲವು ಸಲ ನೆನೆದಿದ್ದೇನೆ. ತೂಕದ ನಾಚಿಕೆ ಅವರನ್ನು ತಪಾಸಣೆಯಿಂದ ದೂರವಿಟ್ಟಿದ್ದು ಸಾಲದೆಂಬಂತೆ, ತೂಕಕ್ಕೆ ಸಂಬಂಧವೇ ಇಲ್ಲದ ವಿಟಮಿನ್ನಿನಿಂದಲೂ ದೂರವಿಟ್ಟಿತ್ತು.

ಕಾಗದದ ಮೇಲೆ ಬರೆದ ಗೆರೆ

ಚಿಕಿತ್ಸೆಯ ವಿವರಕ್ಕೆ ಮುಂಚೆ ಒಂದು ಗಳಿಗೆಯನ್ನು ದಾಖಲಿಸಬೇಕು. ಸ್ವೀಡನ್ನಿನಲ್ಲಿ 1987ರಲ್ಲಿ ಲಾರ್ಸ್ ಶೋಸ್ಟ್ರಾಮ್ ನೇತೃತ್ವದಲ್ಲಿ ಆರಂಭವಾದ ದೀರ್ಘ ಅಧ್ಯಯನವೊಂದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುಮಾರು ಎರಡು ಸಾವಿರ ಮಂದಿಯನ್ನು, ಮಾಡಿಸಿಕೊಳ್ಳದ ಅಷ್ಟೇ ಮಂದಿಯೊಂದಿಗೆ ಹೋಲಿಸಿ ದಶಕಗಳ ಕಾಲ ಗಮನಿಸಿತು. ಶಸ್ತ್ರಚಿಕಿತ್ಸೆಯಾದವರಲ್ಲಿ ಸಾವಿನ ಪ್ರಮಾಣ ಕಡಿಮೆಯೆಂದು ಅದು 2007ರಲ್ಲಿ ತೋರಿಸಿತು. ಅದರ ತೂಕದ ನಕ್ಷೆಯಲ್ಲಿ ಗೆರೆ ಒಂದೆರಡು ವರ್ಷ ಕಡಿದಾಗಿ ಇಳಿದು, ಆಮೇಲೆ ನಿಧಾನವಾಗಿ ಒಂದಿಷ್ಟು ಮೇಲೇರಿ, ಬಳಿಕ ಸಮವಾಗುತ್ತದೆ. ಬೈಪಾಸ್ ಆದವರು ಹತ್ತನೆಯ ವರ್ಷದಲ್ಲಿ ಆರಂಭದ ತೂಕಕ್ಕಿಂತ ಸರಾಸರಿ ಶೇ. 25ರಷ್ಟು ಕಡಿಮೆ ಇದ್ದರು. ನಾನು ಆ ಗೆರೆಯನ್ನು ಕಾಗದದ ಮೇಲೆ ಬರೆದು, 118ರಿಂದ 87ಕ್ಕೆ ಬಂದಿರುವ ಅವರ ತೂಕವನ್ನು ಅದರ ಮೇಲೆ ಗುರುತಿಸಿದೆ. ಶೇ. 26 ಕಡಿಮೆ. ಸೋಲು ಎಂದು ಅವರು ಕರೆಯುತ್ತಿದ್ದದ್ದು ಆ ನಕ್ಷೆಯ ಸರಾಸರಿಯ ಆಸುಪಾಸಿನಲ್ಲೇ ಇತ್ತು.

ಅವರು ಬಹಳ ಹೊತ್ತು ಕಾಗದ ನೋಡಿ ಕೇಳಿದರು: "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಹೇಳಿದ್ದೆವು. ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಪುಸ್ತಿಕೆಯಲ್ಲಿ ಒಂದು ವಾಕ್ಯವಿತ್ತು, ಒಪ್ಪಿಗೆ ಪತ್ರದಲ್ಲಿ ಇನ್ನೊಂದಿತ್ತು. ಆದರೆ ನೆನಪಲ್ಲಿ ಉಳಿಯುವಂತೆ ಹೇಳಿರಲಿಲ್ಲ. ತೂಕ ಇಳಿಯುವಾಗ ಚಪ್ಪಾಳೆ ತಟ್ಟಿ, ಏರಿದಾಗ ಹುಷಾರು ಎಂದವರು ನಾವು. ಆ ಚಪ್ಪಾಳೆಯ ಮುಂದೆ ಪುಸ್ತಿಕೆಯ ವಾಕ್ಯ ಯಾರಿಗೆ ಕೇಳಿಸೀತು?

ಚಿಕಿತ್ಸೆ

ಆಹಾರದಲ್ಲಿ ಮಾಡಿದ ಬದಲಾವಣೆ ಪ್ರಮಾಣವನ್ನು ಕುರಿತದ್ದಾಗಿರಲಿಲ್ಲ, ಕ್ರಮ ಮತ್ತು ವೇಗವನ್ನು ಕುರಿತದ್ದಾಗಿತ್ತು. ಪ್ರತಿ ಊಟದಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಕೊನೆಗೆ ಸ್ವಲ್ಪವೇ ಪಿಷ್ಟ, ಅದೂ ನಿಧಾನವಾಗಿ ಕರಗುವ ಬಗೆಯದು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು, ಏಕೆಂದರೆ ದ್ರವ ಆಹಾರವನ್ನು ಇನ್ನಷ್ಟು ಬೇಗ ಕೆಳಕ್ಕೆ ತಳ್ಳುತ್ತದೆ. ಸಿಹಿ ಪಾನೀಯ ಪೂರ್ತಿ ನಿಲ್ಲಬೇಕು. ಪಿಷ್ಟ ಒಡೆಯುವುದನ್ನು ನಿಧಾನಿಸುವ ಅಕಾರ್ಬೋಸ್ ಮಾತ್ರೆಯನ್ನು ವೈದ್ಯರು ಊಟದ ಮೊದಲ ತುತ್ತಿನೊಂದಿಗೆ ಕೊಟ್ಟರು. ತೋಳಿಗೆ ಅಂಟಿಸುವ ಸಕ್ಕರೆ ಸಂವೇದಕವನ್ನು ಕೆಲವು ವಾರ ಧರಿಸಿದರು. ಕುಸಿತ ಬಂದೇ ಬಿಟ್ಟರೆ ಅಳತೆ ಮಾಡಿದ ಗ್ಲೂಕೋಸ್ ತೆಗೆದುಕೊಂಡು, ಚೇತರಿಸಿದೊಡನೆ ಪ್ರೋಟೀನ್ ಇರುವ ಏನನ್ನಾದರೂ ತಿನ್ನಬೇಕು, ಇಲ್ಲವಾದರೆ ಮತ್ತೆ ಕುಸಿಯುತ್ತದೆ. ಸಕ್ಕರೆ ಹತೋಟಿಗೆ ಬಂದಿದೆ ಎಂದು ಖಚಿತವಾಗುವವರೆಗೆ ಕಾರು ಓಡಿಸಬಾರದೆಂದು ವೈದ್ಯರು ಹೇಳಿದರು. ಅವರಿಗೆ ಅತ್ಯಂತ ಕಷ್ಟವಾದ ಸೂಚನೆ ಅದೇ.

ಕಬ್ಬಿಣವನ್ನು ಬಾಯಿಯ ಮೂಲಕ ಕೊಟ್ಟು ಕಾಯುವುದರಲ್ಲಿ ಅರ್ಥವಿರಲಿಲ್ಲ, ರಕ್ತನಾಳದ ಮೂಲಕ ಕೊಡಲಾಯಿತು. ಬಿ12 ಚುಚ್ಚುಮದ್ದು ಆರಂಭವಾಯಿತು. ಕ್ಯಾಲ್ಸಿಯಂ ಸಿಟ್ರೇಟ್ ಮತ್ತು ವಿಟಮಿನ್ ಡಿ ಜೀವಮಾನಕ್ಕೆ. ಮಾತ್ರೆಗಳ ವೇಳಾಪಟ್ಟಿಯನ್ನು ಅವರ ಕೆಲಸದ ದಿನ ನೋಡಿಕೊಂಡು ಮತ್ತೆ ಬರೆದೆವು. ಮೊಣಕಾಲು ನೋವಿಗೆ ಅವರು ಆಗಾಗ ನುಂಗುತ್ತಿದ್ದ ಐಬುಪ್ರೊಫೇನ್ ನಿಂತಿತು. ಬೈಪಾಸ್‌ನ ಜೋಡಣೆಯಲ್ಲಿ ಅದು ಹುಣ್ಣು ಮಾಡಬಹುದು.

ಮದ್ಯ ಸೇವನೆಯ ಬಗ್ಗೆ ಕೇಳಿದೆವು, ಇರಲಿಲ್ಲ. ಬೈಪಾಸ್ ಆದವರಲ್ಲಿ ಮದ್ಯ ಬೇಗ ಏರುತ್ತದೆ, ಎರಡನೆಯ ವರ್ಷದಿಂದ ಅದರ ಚಟ ಹೆಚ್ಚುವುದು ದಾಖಲಾಗಿದೆ, ಆದ್ದರಿಂದ ಎಲ್ಲರನ್ನೂ ಕೇಳಬೇಕು. ಸಾಯುವ ಯೋಚನೆ ಬಂದಿತ್ತೇ ಎಂದೂ ನೇರವಾಗಿ ಕೇಳಿದೆವು. ಕೆನಡಾದ ಒಂಟಾರಿಯೊದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯ ನಂತರದ ವರ್ಷಗಳಲ್ಲಿ ತಮಗೆ ತಾವೇ ಹಾನಿ ಮಾಡಿಕೊಂಡು ತುರ್ತು ಚಿಕಿತ್ಸೆಗೆ ಬಂದ ಪ್ರಕರಣಗಳು ಮೊದಲಿಗಿಂತ ಸುಮಾರು ಶೇ. 50ರಷ್ಟು ಹೆಚ್ಚಾಗಿದ್ದವು. ಸಾಯಬೇಕೆನ್ನಿಸಿರಲಿಲ್ಲ, ಆದರೆ ಬೆಳಿಗ್ಗೆ ಏಳಬಾರದು ಅನ್ನಿಸುತ್ತಿತ್ತು ಎಂದರು. ಮನಶ್ಶಾಸ್ತ್ರಜ್ಞರನ್ನು ಕಾಣತೊಡಗಿದರು. ಹೊಟ್ಟೆಯ ಜೋತುಬಿದ್ದ ಚರ್ಮದ ಮಡಿಕೆಯಲ್ಲಿ ತಿಂಗಳುಗಳಿಂದ ಹುಣ್ಣಾಗಿದ್ದು, ಅದಕ್ಕೆ ಹತ್ತಿಬಟ್ಟೆ ಮಡಚಿಟ್ಟುಕೊಂಡು ಕಚೇರಿಗೆ ಹೋಗುತ್ತಿದ್ದದ್ದು ಆ ಮನಶ್ಶಾಸ್ತ್ರಜ್ಞರ ಬಳಿಯೇ ಮೊದಲು ಹೊರಬಂತು. ತೆಳ್ಳಗಾದ ಮೇಲೂ ಮೈ ಬಗ್ಗೆ ದೂರುವುದು ಕೃತಘ್ನತೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ತೂಕದ ಔಷಧಗಳ ಬಗ್ಗೆ ಅವರೇ ಕೇಳಿದರು. ಶಸ್ತ್ರಚಿಕಿತ್ಸೆಯ ನಂತರ ತೂಕ ಏರಿದವರಿಗೂ ಅವುಗಳನ್ನು ಬಳಸುವುದುಂಟು, ಅದರಲ್ಲಿ ತಪ್ಪೇನಿಲ್ಲ. ಇವರಲ್ಲಿ ಮೊದಲು ಸಕ್ಕರೆ, ರಕ್ತ, ನರ ಸರಿಹೋಗಲಿ, ಆಮೇಲೆ ಅಗತ್ಯವಿದ್ದರೆ ನೋಡೋಣ ಎಂದು ವೈದ್ಯರು ತೀರ್ಮಾನಿಸಿದರು.

ಪತಿ ಮತ್ತು ಮಗಳನ್ನು ಒಮ್ಮೆ ಕರೆಸಿದೆವು. ಮಿಶ್ರ ಆಹಾರ ಪರೀಕ್ಷೆಯ ವರದಿಯನ್ನು ಪತಿಯ ಕೈಗೆ ಕೊಟ್ಟು 46 ಎಂಬ ಸಂಖ್ಯೆಯ ಅರ್ಥ ವಿವರಿಸಿದಾಗ ಅವರು ಏನೂ ಹೇಳಲಿಲ್ಲ; ವರದಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮಗಳು, ಅಮ್ಮನಿಗೆ ಹಾಗಾದರೆ ತಾನೇನು ಮಾಡಬೇಕೆಂದು ಎರಡು ಸಲ ಕೇಳಿ, ಉತ್ತರವನ್ನು ಫೋನಿನಲ್ಲಿ ಬರೆದುಕೊಂಡಳು.

ಹದಿನಾಲ್ಕು ತಿಂಗಳ ನಂತರ

ಆರನೆಯ ವಾರದ ಹೊತ್ತಿಗೆ ಕುಸಿತಗಳು ದಿನಕ್ಕೆ ಮೂರರಿಂದ ವಾರಕ್ಕೆ ಒಂದಕ್ಕೆ ಇಳಿದವು. ಈಗ ತಿಂಗಳಿಗೊಮ್ಮೆ ಬಂದರೆ ಬಂತು, ಅದೂ ಮುನ್ಸೂಚನೆ ಕೊಟ್ಟು. ಕಾರು ಓಡಿಸುತ್ತಿದ್ದಾರೆ. ಹಿಮೋಗ್ಲೋಬಿನ್ 12.4 ಇದೆ. ಬಚ್ಚಿಟ್ಟ ಸಿಹಿಗಳ ಅಗತ್ಯ ತಪ್ಪಿದ ಮೇಲೆ, ತೂಕ ಇಳಿಸುವ ಯಾವ ಪ್ರತ್ಯೇಕ ಪ್ರಯತ್ನವೂ ಇಲ್ಲದೆ 83 ಕೆಜಿಗೆ ಬಂದು ನಿಂತಿದೆ. ಚರ್ಮದ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸುತ್ತಿದ್ದಾರೆ, ತೀರ್ಮಾನಿಸಿಲ್ಲ.

ನಮ್ಮ ಕಡೆಯಿಂದ ಎರಡು ಬದಲಾವಣೆಗಳಾದವು. ತಕ್ಕಡಿಯನ್ನು ಒಳಬರುವ ದಾರಿಯಿಂದ ತೆಗೆದು ಒಳಗಿನ ಕೋಣೆಯಲ್ಲಿಟ್ಟೆವು, ತೂಕ ನೋಡುವುದು ಮಾತುಕತೆಯ ಕೊನೆಯಲ್ಲಿ. ಎರಡು ಭೇಟಿ ತಪ್ಪಿಸಿದವರಿಗೆ ನಾನು ಸ್ವತಃ ಫೋನ್ ಮಾಡುತ್ತೇನೆ, ಮೊದಲ ವಾಕ್ಯದಲ್ಲೇ ತೂಕ ನೋಡದೆಯೂ ಬರಬಹುದೆಂದು ಹೇಳುತ್ತೇನೆ. ಹಾಗೆ ಹೇಳಿದ ಮೇಲೆ ಬಂದವರಿದ್ದಾರೆ.

ಅವರ ಎಡಗಾಲಿನ ಎರಡು ಬೆರಳುಗಳಲ್ಲಿ ಜೋಮು ಹಾಗೆಯೇ ಉಳಿದಿದೆ. ಅದು ಹೋಗಲಿಕ್ಕಿಲ್ಲ ಎಂದು ನರರೋಗ ತಜ್ಞರು ಹೇಳಿದ್ದಾರೆ, ಚಪ್ಪಲಿ ಬಿಟ್ಟು ಹಿಂದೆ ಪಟ್ಟಿಯಿರುವ ಪಾದರಕ್ಷೆ ಹಾಕಿಕೊಳ್ಳುತ್ತಾರೆ. ಕಳೆದ ಭೇಟಿಯಲ್ಲಿ ಬಾಗಿಲಲ್ಲಿ ಅಡ್ಡ ತಿರುಗದೆ ನೇರವಾಗಿ ಒಳಗೆ ಬಂದರು. ಕುರ್ಚಿಯ ಬೆನ್ನನ್ನು ಮಾತ್ರ ಎಂದಿನಂತೆ ಒಮ್ಮೆ ಒತ್ತಿ ನೋಡಿಯೇ ಕುಳಿತರು. ಮುಂದಿನ ಬಿ12 ಚುಚ್ಚುಮದ್ದು ಬರುವ ತಿಂಗಳು.